ವಾಪಸ್ ಬಂದ ಬೈಕು

ಅವಳು ರಿಪೇರಿ ಮಾಡಿದ ಬೈಕು ಅದೇ ಕಾಯಿಲೆಗೆ ಎಂದೂ ವಾಪಸ್ ಬಂದದ್ದಿರಲಿಲ್ಲ. ಹನ್ನೊಂದು ವರ್ಷ ಕಾಪಾಡಿಕೊಂಡ ಆ ಹೆಸರಿಗೆ ಮಸಿ ಬಳಿಯಲು ಬಂದವನು ಬೇರೆ ಯಾರೂ ಅಲ್ಲ, ಎದುರಿನ ಕನ್ನಡಕದಂಗಡಿಯವನು.

ಅವನು ಸ್ಟಾರ್ಟರ್ ಬಟನ್ ಒತ್ತಿದ. ಮೋಟರ್ ಗಿರ್ರೆಂದು ತನ್ನಷ್ಟಕ್ಕೆ ತಿರುಗಿತು, ಎಂಜಿನ್ ಮಿಸುಕಲಿಲ್ಲ. ಅವಳು ಕಿಕ್ಕರ್ ಮೇಲೆ ಕಾಲಿಟ್ಟು ಒಂದೇ ಒಂದು ಒದೆ ಕೊಟ್ಟಳು. ಎಂಜಿನ್ ಮಾತು ಕೇಳಿ ಸ್ಟಾರ್ಟ್ ಆಯಿತು.

"ಸ್ಟಾರ್ಟರ್ ಕ್ಲಚ್ ಜಾರ್ತಿದೆ, ಮೋಟರ್ ತಿರುಗಿದ್ರೂ ಎಂಜಿನ್ನನ್ನ ಹಿಡೀತಿಲ್ಲ," ಎಂದಳು.

"ಎರಡು ತಿಂಗಳ ಹಿಂದೆ ನೀವೇ ಹಾಕಿದ್ದು," ಎಂದ ಅವನು, ಕಣ್ಣಲ್ಲೇ ನಗುತ್ತಾ.

ಬೆಂಚಿನ ಮೇಲೆ ಕಾಯುತ್ತಿದ್ದ ವ್ಯಾನ್ ಡ್ರೈವರ್ ಬೇಕೆಂದೇ ಕೆಮ್ಮಿದ. "ನನ್ನ ಗಾಡಿ ನಿಮ್ಮಪ್ಪಾನೇ ನೋಡ್ಲಿ ಕಣಮ್ಮ."

ಟ್ಯೂಬಿಗೆ ಪ್ಯಾಚ್ ಹಾಕುತ್ತಿದ್ದ ಅಪ್ಪ ತಲೆ ಎತ್ತಿದ. "ಗ್ಯಾರೇಜಿನ ಬೋರ್ಡಿಗೆ ನಿನ್ನ ಹೆಸರು ಬರೆಸೋದು ಸ್ವಲ್ಪ ತಡೀಲಿ ಮಗಳೇ."

ಅವಳು ಕ್ಲಚ್ ಬಿಚ್ಚಿ ಒಳಗಿನ ಮೂರು ಪುಟ್ಟ ರೋಲರ್‌ಗಳನ್ನು ಅಂಗೈಗೆ ಸುರಿದುಕೊಂಡಳು. ಮೂರೂ ಒಂದು ಮಗ್ಗುಲಿಗೆ ಚಪ್ಪಟೆಯಾಗಿದ್ದವು. ಅವಳಿಗೆ ಎಲ್ಲ ಗೊತ್ತಾಯಿತು.

"ಎಂಜಿನ್ ಸ್ಟಾರ್ಟ್ ಆದ ಕೂಡ್ಲೇ ಬೆರಳು ತೆಗೀರಿ, ಇಲ್ಲಾಂದ್ರೆ ಇದು ಸವೆಯುತ್ತೆ ಅಂತ ಹೇಳಿದ್ದೆ."

"ಹೇಳಿದ್ರಿ." ಅವನ ಕಿವಿ ಕೆಂಪಾಯಿತು. "ಅದಕ್ಕೇ ದಿನಾ ಒತ್ತಿ ಹಿಡೀತಿದ್ದೆ. ಕೆಟ್ಟರೆ ತಾನೇ ನಿಮ್ಮ ಹತ್ರ ಬರೋಕಾಗೋದು?"

ಅವಳ ಎದೆ ಹಗುರಾಯಿತು, ಹಿಂದೆಯೇ ಉರಿಯಿತು.

"ನೀವು ಕೊಟ್ಟ ಕನ್ನಡಕಾನ ನಾನೇ ಗೀಚಿ, ಏನೂ ಕಾಣ್ಸಲ್ಲ ಅಂತ ನಿಮ್ಮ ಗಿರಾಕಿಗಳ ಮುಂದೆ ಹೇಳಿದ್ರೆ ಹೇಗಿರುತ್ತೆ?"

ಅವನ ನಗು ಇಳಿದುಹೋಯಿತು. ರೋಲರ್‌ಗಳನ್ನು ಅವಳ ಅಂಗೈಯಿಂದ ಎತ್ತಿಕೊಂಡು ನೇರವಾಗಿ ಅಪ್ಪನ ಮುಂದೆ ಹೋಗಿ ನಿಂತ.

"ಇವರ ಕೆಲಸದಲ್ಲಿ ತಪ್ಪಿಲ್ಲ. ಹಾಳು ಮಾಡಿದ್ದು ನಾನು, ಬೇಕಂತಲೇ. ಇವರನ್ನ ನೋಡೋಕೆ ಒಂದು ನೆಪ ಬೇಕಿತ್ತು."

ಡ್ರೈವರ್‌ಗೆ ಈಗ ನಿಜವಾದ ಕೆಮ್ಮು ಬಂತು. ಅಪ್ಪ ರೋಲರ್ ಒಂದನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಸವರಿ ನೋಡಿದ.

"ಪೇಂಟರ್‌ಗೆ ಫೋನ್ ಮಾಡು ಮಗಳೇ. ಅಕ್ಷರ ದೊಡ್ಡದಾಗೇ ಇರಲಿ," ಎಂದ.

ಅವಳು ಹೊಸ ರೋಲರ್ ಕೂರಿಸಿ, ಬಟನ್ನಿನ ವೈರನ್ನು ಮಾತ್ರ ಕಳಚಿ ಜೇಬಿಗೆ ಹಾಕಿಕೊಂಡಳು.

"ಒಂದು ತಿಂಗಳು ಕಿಕ್ ಹೊಡೀರಿ. ಬುದ್ಧಿ ಬಂದ ಮೇಲೆ ವೈರ್ ಕೊಡ್ತೀನಿ."

"ಅಲ್ಲೀವರೆಗೂ ಇಲ್ಲಿಗೆ ಬರೋಕೆ ಏನು ನೆಪ ಹೇಳ್ಲಿ?"

"ರಸ್ತೆ ದಾಟೋಕೆ ನೆಪ ಯಾಕ್ರೀ?"

ಅವನು ನಾಲ್ಕು ಸಲ ಒದ್ದು, ಬೆವರಿ, ಐದನೆಯದಕ್ಕೆ ಗೆದ್ದ. ಅವಳು ನಗು ಮುಚ್ಚಿಡುವ ಗೋಜಿಗೆ ಹೋಗಲಿಲ್ಲ.

ಎರಡು ದಿನದ ನಂತರ, ಹೊಸ ಬೋರ್ಡಿನ ಬಣ್ಣ ಒಣಗುವ ಮೊದಲೇ, ಅವನು ರಸ್ತೆ ದಾಟಿ ಬಂದ. ಬೈಕು ಅವನ ಅಂಗಡಿಯ ಮುಂದೆಯೇ ನಿಂತಿತ್ತು.