ಕಾವಲು ಗೋಪುರಕ್ಕೆ ಹೋಗುವ ದಾರಿ

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ವಸ್ತುಸಂಗ್ರಹಾಲಯದ ಮೇಲ್ವಿಚಾರಕರು ಠಾಣೆಗೆ ಬಂದು ದೂರು ಕೊಟ್ಟರು. ರಾಜಧಾನಿಯನ್ನು ನಡೆದೇ ನೋಡುವವರಿಗಾಗಿ ಸಂಗ್ರಹಾಲಯದ ಎದುರು ನೆಟ್ಟ, ದಾರಿ ತೋರುವ ಕೈಕಂಬದ ಫಲಕವನ್ನು ಯಾರೋ ಪದೇ ಪದೇ ತಿರುಗಿಸುತ್ತಿದ್ದರು. ಸಂಗ್ರಹಾಲಯ ನೋಡಿ ಹಳೆಯ ಕಾವಲು ಗೋಪುರಕ್ಕೆ ಹೊರಟವರು ದೊಡ್ಡ ಬೀದಿ ಬಿಟ್ಟು ಹಿಂದಿನ ಓಣಿಗೆ ಹೋಗಿಬಿಡುತ್ತಿದ್ದರು. ಪುಂಡರ ಆಟವೆಂದು ಮೊದಮೊದಲು ಸುಮ್ಮನಿದ್ದರಂತೆ. ಆದರೆ ಭಾನುವಾರ ಹಾಗೆ ಹೋದ ಪ್ರವಾಸಿ ಹೆಂಗಸೊಬ್ಬರು ಓಣಿಯ ಮುರುಕು ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದರು. ಎಫ್‌ಐಆರ್ ದಾಖಲಾಯಿತು.

ಇನ್‌ಸ್ಪೆಕ್ಟರ್ ಮೇಡಂ, ಠಾಣೆಯಲ್ಲೆಲ್ಲ ಉದ್ದಣ್ಣ ಎಂದೇ ಕರೆಸಿಕೊಳ್ಳುವ ಕಾನ್‌ಸ್ಟೇಬಲ್ ಜೊತೆ ಹೋಗಿ ಸ್ಥಳ ಪಂಚನಾಮೆ ನಡೆಸಿದರು. ಯಾವುದನ್ನೂ ಮುರಿದಿರಲಿಲ್ಲ. ನಟ್ಟು ಸಡಿಲಿಸಿ, ಫಲಕ ತಿರುಗಿಸಿ, ಮತ್ತೆ ಬಿಗಿ ಮಾಡಲಾಗಿತ್ತು.

"ಇಷ್ಟು ಒಪ್ಪವಾಗಿ ಕೆಲಸ ಮಾಡೋ ಪುಂಡ ಸಿಕ್ಕಿದ್ರೆ ನಮ್ಮನೆ ನಲ್ಲೀನೂ ಸರಿಮಾಡಿಸ್ಕೋತೀನಿ," ಎಂದ ಉದ್ದಣ್ಣ.

ಸಂಗ್ರಹಾಲಯದವರು ಹಿಂದಿನ ಸಂಜೆಯಷ್ಟೇ ಫಲಕಕ್ಕೆ ಬಳಿದ ನೀಲಿ ಬಣ್ಣ ಇನ್ನೂ ಅಂಟುತ್ತಿತ್ತು. ಅದರ ಮೇಲೆ ಎರಡು ಬೆರಳಿನ ಗುರುತಿತ್ತು.

ಆಸ್ಪತ್ರೆಯಲ್ಲಿ ಗಾಯಾಳು ಮೆಟ್ಟಿಲನ್ನು, ಪಾಲಿಕೆಯನ್ನು, ಊರನ್ನೇ ಬೈದರು. ಆದರೆ ಓಣಿಯ ಕಿಟಕಿಯಲ್ಲಿ ಕೂತು ದಾರಿ ಹೇಳಿದ ಹೆಂಗಸಿನ ಮಾತು ಬಂದಾಗ ದನಿ ಮೆತ್ತಗಾಯಿತು. ದಾರಿ ತಪ್ಪಿತೆಂದು ಸಂಗ್ರಹಾಲಯಕ್ಕೆ ದೂರಿದ್ದ ಇನ್ನಿಬ್ಬರಿಗೆ ಫೋನ್ ಮಾಡಿದರೆ ಅವರೂ ಅದೇ ಕಿಟಕಿಯನ್ನು ನೆನೆದರು.

ಮಧ್ಯಾಹ್ನ ಇನ್‌ಸ್ಪೆಕ್ಟರ್ ಸಾದಾ ಬಟ್ಟೆ ತೊಟ್ಟು, ತಪ್ಪು ಬಾಣ ತೋರಿದತ್ತಲೇ ನಡೆದರು. ಓಣಿ ತಿರುಗಿದೊಡನೆ ಪೇಟೆಯ ಸದ್ದು ಬಾಗಿಲು ಹಾಕಿದಂತೆ ನಿಂತುಹೋಯಿತು. ಕಿಟಕಿಯಲ್ಲಿ ಗಾಲಿಕುರ್ಚಿಯ ಹೆಂಗಸು ಕಾಯುತ್ತಿದ್ದಂತಿತ್ತು.

"ಗೋಪುರಕ್ಕೆ ತಾನೆ? ದಾರಿ ತಪ್ಪಿದ್ದೀಯಮ್ಮ. ನಿಂತ್ಕೋ, ಹೇಳ್ತೀನಿ."

ಬಾಯಿ ಒಂದು ಪಕ್ಕಕ್ಕೆ ಎಳೆದು ಮಾತು ತೊದಲುತ್ತಿತ್ತು. ಆದರೂ ಗೋಪುರ ಕಣ್ಣೆದುರೇ ಎದ್ದು ನಿಂತಿತು. ಅದನ್ನು ಕಟ್ಟಿದವನು ತುದಿಯ ಕಲ್ಲೊಂದನ್ನು ಬೇಕೆಂದೇ ಸಡಿಲ ಬಿಟ್ಟಿದ್ದನಂತೆ, ಗೋಪುರಕ್ಕೆ ಸೊಕ್ಕು ಬರಬಾರದೆಂದು. ಇನ್‌ಸ್ಪೆಕ್ಟರ್ ಬಂದ ಕೆಲಸ ಮರೆತು ಕೇಳುತ್ತ ನಿಂತರು. ಅಷ್ಟರಲ್ಲಿ ಆಕೆಯ ಗಂಡ ಬಾಗಿಲಿಗೆ ಬಂದು ನೀರಿನ ಲೋಟ ಚಾಚಿದ. ಅವನ ಎರಡು ಬೆರಳು ನೀಲಿಯಾಗಿದ್ದವು.

ಇನ್‌ಸ್ಪೆಕ್ಟರ್ ಅವನನ್ನು ಜಗಲಿಯ ಮೂಲೆಗೆ ಕರೆದು, ತಾವು ಯಾರೆಂದು ತಿಳಿಸಿ, ತಗ್ಗಿದ ದನಿಯಲ್ಲಿ ಕೇಳಿದರು:

"ಬಣ್ಣ ಎಲ್ಲಿ ಹತ್ತಿತು?"

"ಕೈಕಂಬದಲ್ಲಿ."

"ಯಾಕೆ ತಿರುಗಿಸಿದ್ರಿ?"

ಅವನು ಮುಚ್ಚಿಡಲಿಲ್ಲ. ಹೆಂಡತಿ ಪ್ರವಾಸಿಗರ ಗೈಡ್ ಆಗಿದ್ದವಳು, ಊರಿನ ಸ್ಮಾರಕಗಳನ್ನೆಲ್ಲ ಜನರಿಗೆ ನಡೆಸಿ ತೋರಿಸಿದವಳು. ಹೋದ ವರ್ಷ ಲಕ್ವ ಹೊಡೆಯಿತು. ಕಾಲು ಬರುವುದಿಲ್ಲ, ಆಡುತ್ತಿದ್ದರೆ ಮಾತು ಬಂದೀತು ಎಂದರು ವೈದ್ಯರು. ಅವಳು ಬಾಯಿ ತೆರೆಯಲೇ ಇಲ್ಲ, ಗಂಡನೊಂದಿಗೂ. ಒಂದು ದಿನ ಯಾರೋ ದಾರಿ ತಪ್ಪಿ ಬಂದು ಕಿಟಕಿಯಲ್ಲಿ ಕೇಳಿದರು.

"ಒಲೆ ಮೇಲೆ ಹಾಲಿತ್ತು ಮೇಡಂ. ಅವಳ ದನಿ ಕೇಳಿಸ್ತು. ಹಾಲು ಉಕ್ಕಿ ಹೋಗ್ತಿದ್ರೂ ಅಲ್ಲಾಡ್ಲಿಲ್ಲ. ಎಲ್ಲಿ ನಿಲ್ಲಿಸಿಬಿಡ್ತಾಳೋ ಅಂತ."

"ಒಬ್ಬರ ಕೈ ಮುರೀತಲ್ಲ?"

"ಗೊತ್ತಿತ್ತು. ಗೊತ್ತಿದ್ದೂ ಇವತ್ತು ಬೆಳಗಿನ ಜಾವ ತಿರುಗಿಸಿದೆ." ಕಿಟಕಿಯತ್ತ ನೋಡಿ ಹೇಳಿದ, "ಅವಳಿಗೆ ಹೇಳ್ಬೇಡಿ. ಜನ ತಾವಾಗೇ ತಪ್ಪಿ ಬರ್ತಾರೆ ಅಂದ್ಕೊಂಡಿದ್ದಾಳೆ."

ಅವನನ್ನು ಬಂಧಿಸಲಾಯಿತು. ಸಂಜೆಯೊಳಗೆ ಠಾಣೆಯಲ್ಲೇ ಜಾಮೀನು ಸಿಗುವ ಪ್ರಕರಣ. ಅಲ್ಲಿಯವರೆಗೆ ಪಕ್ಕದ ಮನೆಯಾಕೆ ಬಂದು ಕೂರಲು ಒಪ್ಪಿದಳು. ಇವರಿಗೆ ದಾರಿ ತೋರಿಸಿ ಬರುತ್ತೇನೆ ಎಂದು ಅವನು ಕಿಟಕಿಯತ್ತ ಹೇಳಿದ.

"ಇವರನ್ನ ನಂಬ್ಕೋಬೇಡಮ್ಮ," ಎಂದಳು ಆಕೆ ಇನ್‌ಸ್ಪೆಕ್ಟರಿಗೆ. "ಮಾತಾಡ್ತಾ ಮಾತಾಡ್ತಾ ಎಲ್ಲಿಗೋ ಕರ್ಕೊಂಡು ಹೋಗ್ತಾರೆ. ಓಣಿ ದಾಟಿ ಬಲಕ್ಕೆ ತಿರುಗು."

ಠಾಣೆ ಇದ್ದದ್ದು ಎಡಕ್ಕೆ. ಓಣಿಯ ತುದಿಯಲ್ಲಿ ಕಾಯುತ್ತಿದ್ದ ಉದ್ದಣ್ಣ ಅತ್ತ ಹೊರಟಿದ್ದ. ಇನ್‌ಸ್ಪೆಕ್ಟರ್ ಅವನ ತೋಳು ಹಿಡಿದು ನಿಲ್ಲಿಸಿದರು. ಮೂವರೂ ಬಲಕ್ಕೆ ತಿರುಗಿ, ಕಿಟಕಿ ಮರೆಯಾಗುವವರೆಗೆ ನಡೆದರು.