ಮದರಾಸಿನಲ್ಲಿ ಆಡಿದ ಮಾತು

ಚನ್ನಕೇಶವ ಅಮ್ಮಾಜಿಯನ್ನು ಮೊದಲ ಸಲ ನೋಡಿದ್ದು ಒಂದೇ ಕಣ್ಣಿನಲ್ಲಿ.

ದ್ರಾಕ್ಷಿಬಳ್ಳಿ ಸವರುವಾಗ ಕತ್ತರಿ ಜಾರಿ ಎಡಗೈ ಹೆಬ್ಬೆರಳ ಬುಡ ಸೀಳಿತ್ತು. ಟವಲು ಸುತ್ತಿಕೊಂಡು ತನ್ನೂರು ಕಳವಾರದಿಂದ ಚಿಕ್ಕಬಳ್ಳಾಪುರದ ಆಸ್ಪತ್ರೆಯವರೆಗೂ ಸೈಕಲ್ ತುಳಿದುಕೊಂಡು ಬಂದವನು, ನರ್ಸು ಸೂಜಿ ಎತ್ತಿದ್ದೇ ತಡ ಎರಡೂ ಕಣ್ಣು ಮುಚ್ಚಿಬಿಟ್ಟ. ಆಗ ಅವಳ ದನಿ ಕೇಳಿಸಿತು. ಪಕ್ಕದಲ್ಲಿದ್ದ ಇನ್ನೊಬ್ಬ ನರ್ಸಿಗೆ ತೆಲುಗಿನಲ್ಲಿ ಹೇಳುತ್ತಿದ್ದಳು: ಆಳು ನೋಡಿದರೆ ಕಲ್ಲುಕಂಬ, ಸೂಜಿ ಕಂಡರೆ ಹಸುಗೂಸು. ದನಿಯ ತುಂಬ ನಗುವಿತ್ತು. ಹಾಗೆ ನಗುವ ಮುಖ ಹೇಗಿರಬಹುದೆಂದು ಅವನ ಒಂದು ಕಣ್ಣು ತಾನಾಗಿ ತೆರೆಯಿತು.

ಹೊಲಿಗೆ ಮುಗಿಯಲೆಂದು ಅವನು ಕಾದ. ಆಮೇಲೆ, ಕಲ್ಲುಕಂಬಕ್ಕೂ ನೋವಾಗುತ್ತದೆ ಸಿಸ್ಟರ್ ಎಂದು ತೆಲುಗಿನಲ್ಲೇ ಹೇಳಿದ.

ಮೈಸೂರಿನಲ್ಲಿ ವರ್ಷಗಟ್ಟಲೆ ಇದ್ದು ನರ್ಸಿಂಗ್ ಓದಿ ಬಂದವಳಿಗೆ, ಈ ಸೀಮೆಯಲ್ಲಿ ತೆಲುಗು ತಿಳಿಯದವರು ಸಿಗುವುದೇ ಕಷ್ಟ ಎನ್ನುವುದು ಮರೆತುಹೋಗಿತ್ತು. ಅವಳ ಕಿವಿಯ ತುದಿ ಕೆಂಪಾಯಿತು. ತಲೆ ಎತ್ತದೆ ಕಟ್ಟು ಕಟ್ಟಿದಳು; ಒಂದು ಗಂಟು ಸಾಕಾಗುವಲ್ಲಿ ಎರಡು ಹಾಕಿದಳು. ನಾಲ್ಕು ದಿನ ಬಿಟ್ಟು ಬಂದು ಕಟ್ಟು ಬದಲಾಯಿಸಿಕೊಳ್ಳಿ ಎಂದಳು. ಅವನು ಮಾರನೆಯ ದಿನವೇ ಬಂದ. ಅದರ ಮಾರನೆಯ ದಿನವೂ ಬಂದ.

ಗಾಯ ಪೂರ್ತಿ ಕೂಡಿಕೊಂಡ ಮೇಲೂ ಒಂದು ದಿನ ಬಂದು ಬೆಂಚಿನ ಮೇಲೆ ಕೂತಿದ್ದವನನ್ನು ಕಂಡು ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ವಾಸಿಯಾಗಿದೆ. ಇನ್ನು ಬರೋದು ಬೇಡ."

"ನೋಯ್ತಾ ಇದೆ."

"ಎಲ್ಲಿ?"

ಅವನು ಕೈಯನ್ನು ತೋರಿಸಲಿಲ್ಲ. ಕಿಟಕಿಯ ಕಡೆ ನೋಡಿದ, ನೆಲ ನೋಡಿದ, ಕಡೆಗೆ ಅವಳನ್ನು ನೋಡಿದ. ಅವಳು ತುಟಿ ಕಚ್ಚಿ ನಗು ತಡೆದುಕೊಂಡು, "ಅದಕ್ಕೆ ಇಲ್ಲಿ ಔಷಧಿ ಕೊಡಲ್ಲ. ಶಿಡ್ಲಘಟ್ಟದಲ್ಲಿ ನಮ್ಮಪ್ಪ ಕೊಡ್ತಾರೆ, ಕೇಳಿ," ಎಂದು ಒಳಗೆ ಹೋಗಿಬಿಟ್ಟಳು.

ಅವಳ ಅಪ್ಪ ಮುನಿವೆಂಕಟಪ್ಪ ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ವ್ಯಾಪಾರಿ. ಮಗಳಿಗೆ ಅಮ್ಮಾಜಮ್ಮ ಎಂದು ಹೆಸರಿಟ್ಟು, ಅಮ್ಮಾಜಿ ಎಂದು ಕರೆದು, ಹೆಣ್ಣಿಗೆ ಓದೇಕೆ ಎಂದವರ ಬಾಯಿ ಮುಚ್ಚಿಸಿ ಓದಿಸಿದವರು. ಎರಡೂ ಮನೆಯವರು ಒಂದೇ ಜಾತಿಯವರಾದ್ದರಿಂದ ಮಾತು ಬೇಗ ಮುಂದುವರಿಯಿತು. ಗೊಣಗಿದವಳೆಂದರೆ ಚನ್ನಕೇಶವನ ತಾಯಿ ರಾಮಲಕ್ಷ್ಮಮ್ಮ ಒಬ್ಬಳೇ. ಊರವರ ಕೈಕಾಲೆಲ್ಲ ಮುಟ್ಟುವ ಸೊಸೆಯೇ ಎಂದು ನಾಲ್ಕು ದಿನ ಮುಖ ಊದಿಸಿಕೊಂಡಿದ್ದು, ಆಮೇಲೆ ತಾನೇ ಮುಂದೆ ನಿಂತು ಎಲ್ಲ ಶಾಸ್ತ್ರ ಮಾಡಿಸಿದಳು. ಅರವತ್ತಮೂರನೇ ಇಸವಿಯ ವೈಶಾಖದಲ್ಲಿ, ಶಿಡ್ಲಘಟ್ಟದ ಮನೆಯ ಮುಂದಿನ ಚಪ್ಪರದಲ್ಲಿ ಮದುವೆಯಾಯಿತು. ಚಿಂತಾಮಣಿಯಿಂದ ಬರಬೇಕಿದ್ದ ಫೋಟೋದವನು ಜ್ವರ ಬಂದು ಮಲಗಿದ್ದರಿಂದ ಒಂದು ಪಟವೂ ಉಳಿಯಲಿಲ್ಲ. ಆಗ ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಆಮೇಲಿನ ಐದು ತಿಂಗಳು ಅವನ ಪಾಲಿಗೆ ಸಕ್ಕರೆ. ಸಂಜೆ ಡ್ಯೂಟಿ ಮುಗಿಯುವ ಹೊತ್ತಿಗೆ ಆಸ್ಪತ್ರೆಯ ಗೇಟಿನಲ್ಲಿ ಸೈಕಲ್ ಹಿಡಿದು ನಿಂತಿರುತ್ತಿದ್ದ. ಅವಳು ಹಿಂದಿನ ಕ್ಯಾರಿಯರ್ ಮೇಲೆ ಕೂತು ವಾರ್ಡಿನ ಕಥೆಗಳನ್ನೆಲ್ಲ ಹೇಳುತ್ತಿದ್ದಳು. ದಿಣ್ಣೆ ಬಂದಾಗ ಅವನು ಏದುಸಿರು ಬಿಟ್ಟರೆ, ಇಳೀಲಾ ಎಂದು ಕೇಳುತ್ತಿದ್ದಳು. ಬೇಡ ಎಂದು ಅವನು ಇನ್ನೂ ಜೋರಾಗಿ ತುಳಿಯುತ್ತಿದ್ದ. ಕಳವಾರದ ಬೆಟ್ಟದ ನೆರಳು ಹೊಲದ ಮೇಲೆ ಹರಡುವಷ್ಟರಲ್ಲಿ ಮನೆ ಸೇರುತ್ತಿದ್ದರು. ಅವಳು ಮಾತಿನ ಮಲ್ಲಿ, ಅವನು ಕೇಳುವವನು. ಮನಸ್ಸಿನೊಳಗಿನದು ಅವನ ಬಾಯಿಗೆ ಬರುವುದು ಕಷ್ಟವಿತ್ತು.

ಹಾಗಿರುವಾಗ ಇಂಗ್ಲೆಂಡಿನಿಂದ ಕರೆ ಬಂತು. ಮದುವೆಗೆ ಮುಂಚೆ ಮೇಟ್ರನ್ ಒತ್ತಾಯಕ್ಕೆ ಅವಳು ಹಾಕಿದ್ದ ಅರ್ಜಿ; ಲೀಡ್ಸ್ ಎನ್ನುವ ಊರಿನ ಆಸ್ಪತ್ರೆಯಲ್ಲಿ ಕೆಲಸ, ಜೊತೆಗೆ ಮುಂದಿನ ಓದು. ಸಿಗುತ್ತದೆಂದು ಅವಳೇ ನಂಬಿರಲಿಲ್ಲ. ಅವನ ಮುಂದೆ ನಿಂತು ವಿಷಯ ಹೇಳುವಾಗ ಅವಳ ಮುಖ ಹಬ್ಬದ ದಿನದ ಮುಖದಂತೆ ಬೆಳಗುತ್ತಿತ್ತು.

"ಏನ್ರೀ, ಹೋಗಲಾ?"

"ಹೋಗು."

ಅವಳು ಒಂದು ಹೆಜ್ಜೆ ಹತ್ತಿರ ಬಂದಳು. ಮತ್ತೆ ಕೇಳಿದಳು, ಈ ಸಲ ಮೆಲ್ಲಗೆ. "ಹೋಗಲಾ ನಾನು?"

"ಹೋಗು. ಒಳ್ಳೇದಾಗುತ್ತೆ," ಎಂದು ಅವನು ಹಸುಗಳಿಗೆ ಹುಲ್ಲು ಹಾಕಲು ಎದ್ದುಹೋದ.

ಬೆಂಗಳೂರಿನಲ್ಲಿ ಬೊಂಬಾಯಿಯ ರೈಲು ಹತ್ತಿಸುವಾಗಲೂ ಅವನು ಕಿಟಕಿಯ ಸರಳು ಹಿಡಿದು ನಿಂತಿದ್ದನೇ ಹೊರತು ತುಟಿ ಬಿಚ್ಚಲಿಲ್ಲ. ರೈಲು ಅಲುಗಿದಾಗ ಅವಳು ಏನೋ ಕೇಳಲು ಬಗ್ಗಿದವಳು ಕೇಳದೆ ಸೆರಗು ಹೊದ್ದು ಹಿಂದಕ್ಕೆ ಸರಿದಳು.

ಎರಡು ವರ್ಷ ಕಾಗದಗಳು ಹೋದವು, ಬಂದವು. ಅವನು ಮಳೆ, ದ್ರಾಕ್ಷಿಯ ರೋಗ, ಹಸು ಕರು ಹಾಕಿದ್ದು ಬರೆದ. ಅವಳು ಹಿಮ, ವಾರ್ಡು, ಉಪ್ಪು ಖಾರವಿಲ್ಲದ ಊಟ ಬರೆದಳು. ಒಂದು ಸಲ ಮಾತ್ರ ಬೇರೆ ಥರ ಬರೆದಳು. ಕೆಲಸ ಕಾಯಂ ಆಗಿದೆ, ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೇನೆ, ಗಂಡನನ್ನು ಕರೆಸಿಕೊಳ್ಳಬಹುದಂತೆ. ಬರಬೇಕು ಅನ್ನಿಸಿದರೆ ಬನ್ನಿ.

ಅನ್ನಿಸಿದರೆ. ಆ ಒಂದು ಪದವನ್ನು ಅವನು ಮತ್ತೆ ಮತ್ತೆ ಓದಿದ. ಮನಸಾರೆ ಕರೆಯುತ್ತಿದ್ದಾಳೋ, ಧರ್ಮಕ್ಕೆ ಒಂದು ಮಾತು ಕರೆದಿದ್ದಾಳೋ ತಿಳಿಯಲಿಲ್ಲ. ಆದರೂ ಮಾರನೆಯ ದಿನವೇ ಪಾಸ್‌ಪೋರ್ಟಿಗೆ ಬರೆದುಹಾಕಿದ. ತೋಟವನ್ನು ಅಣ್ಣ ಕೋನಪ್ಪ ನೋಡಿಕೊಳ್ಳುತ್ತೇನೆಂದ.

ತಾಯಿ ಒಪ್ಪಲಿಲ್ಲ. "ಗಂಡನ ಹಿಂದೆ ಹೆಂಡ್ತಿ ಹೋಗೋದು ಕಂಡಿದೀವಿ. ಹೆಂಡ್ತಿ ಹಿಂದೆ ಗಂಡ ಹೋಗೋದು ಯಾವ ಸೀಮೆ ನ್ಯಾಯ ಕಣಪ್ಪ," ಎಂದು ಅಡುಗೆಮನೆಯಿಂದಲೇ ಕೂಗಿ ಹೇಳಿದಳು. ಸೊಸೆಯೇ ವಾಪಸು ಬರಲಿ ಎನ್ನುವುದು ಅವಳ ಹಟ.

ಬ್ರಿಟಿಷರ ಕಚೇರಿ ಮದರಾಸಿನಲ್ಲಿತ್ತು. ಊರವರು ಅದನ್ನು ಎಂಬೆಸಿ ಎಂದರು, ಅಲ್ಲಿ ಕೊಡುವ ಪರವಾನಗಿಯನ್ನು ವೀಸಾ ಎಂದರು. ಚನ್ನಕೇಶವನ ಅರ್ಜಿಗೆ ಅಲ್ಲಿಂದ ಉತ್ತರ ಬಂತು: ಮದುವೆ ಆಗಿದೆ ಎನ್ನುವುದಕ್ಕೆ ಆಧಾರವೇನು? ಪಟವಿಲ್ಲ, ರಿಜಿಸ್ಟರ್ ಆಗಿಲ್ಲ. ಮದುವೆಯನ್ನು ಕಣ್ಣಾರೆ ಕಂಡ ಹಿರಿಯರೊಬ್ಬರು ತಹಸೀಲ್ದಾರರ ಮುಂದೆ ಪ್ರಮಾಣ ಮಾಡಿ ಹೇಳಬೇಕಂತೆ. ಮಾವನನ್ನು ಕರೆಯೋಣವೆಂದರೆ ಅವರು ಕಾಲು ಮುರಿದುಕೊಂಡು ಮಲಗಿದ್ದರು. ಅವನು ಕಾಗದ ಹಿಡಿದು ಜಗಲಿಯ ಮೇಲೆ ಕೂತಿದ್ದನ್ನು ಕಂಡು ರಾಮಲಕ್ಷ್ಮಮ್ಮ ಏನೆಂದು ಕೇಳಿದಳು. ಅವನು ಹೇಳಿದ. ಅವಳು ಮೊರ ಕೆಳಗಿಟ್ಟಳು.

"ಮದ್ವೆ ಆಗಿಲ್ಲ ಅಂತಾರಾ?"

"ಆಗಿದೆಯೋ ಇಲ್ವೋ ಅಂತ ಕೇಳ್ತಾರೆ, ಅಷ್ಟೇ."

"ನಾನು ನಿಂತು ಧಾರೆ ಎರೆಸಿದ ಮದ್ವೆ. ಅದನ್ನ ಸುಳ್ಳು ಅನ್ನಕ್ಕೆ ಅವರ್ಯಾರು?"

ಮಾರನೆಯ ದಿನ ಬೆಳಿಗ್ಗೆ ಹಬ್ಬದ ಸೀರೆ ಉಟ್ಟು, ಮಗನಿಗಿಂತ ಮುಂದೆ ನಡೆದು, ಚಿಕ್ಕಬಳ್ಳಾಪುರದ ತಾಲ್ಲೂಕು ಕಚೇರಿಗೆ ಹೋದಳು. ಮುಹೂರ್ತ ಯಾವುದು, ಪುರೋಹಿತರು ಯಾರು, ಧಾರೆಯ ಹೊತ್ತಿಗೆ ಸೊಸೆ ಅತ್ತಳೋ ನಕ್ಕಳೋ ಎಲ್ಲ ಹೇಳಿ ಹೆಬ್ಬೆಟ್ಟು ಒತ್ತಿದಳು. ಹಿಂದಿರುಗುವಾಗ ದಾರಿಯಲ್ಲಿ ಮಗನ ಮುಖ ನೋಡದೆ ಹೇಳಿದಳು, "ಹೋಗಪ್ಪ. ನೀನೂ ಎರಡು ವರ್ಷದಿಂದ ಊಟದ ಮುಂದೆ ಕೂತ್ಕೊಂಡು ಎದ್ದೋಗ್ತಾ ಇದೀಯ. ನಾನೇನು ಕುರುಡೀನಾ?"

ಅದಾದ ಮೇಲೆ ಮದರಾಸಿನಿಂದ ಸಂದರ್ಶನಕ್ಕೆ ಕರೆ ಬಂತು.

ಫ್ಯಾನು ತಿರುಗುವ ಒಂದು ಕೋಣೆ. ಮೇಜಿನ ಆಚೆ ತಲೆ ನರೆತ, ಮಾತು ಕಡಿಮೆಯ ಇಂಗ್ಲಿಷ್ ಅಧಿಕಾರಿ. ಪಕ್ಕದಲ್ಲಿ ಮಾತನ್ನು ಇಂಗ್ಲಿಷಿಗೆ ದಾಟಿಸಲು ಚಿತ್ತೂರು ಕಡೆಯ ಚಲಪತಿ ಎನ್ನುವವರು. ಅವರಿಗೆ ಕನ್ನಡ ಬಾರದು. ಹಾಗಾಗಿ ಚನ್ನಕೇಶವ ತೆಲುಗಿನಲ್ಲೇ ಉತ್ತರ ಕೊಡಬೇಕಾಯಿತು. ಅಮ್ಮಾಜಿಯ ಮನೆಮಾತು ಅದು. ಅವನು ಆಡಿದರೆ ಅವಳು ಬಿದ್ದು ಬಿದ್ದು ನಗುತ್ತಿದ್ದಳು.

ಮದುವೆಯ ದಿನ, ಹೆಂಡತಿಯ ಒಡಹುಟ್ಟಿದವರು, ಮೂಗುತಿ ಎಡಕ್ಕೋ ಬಲಕ್ಕೋ, ಎಲ್ಲ ಕೇಳಿದರು. ಎಲ್ಲಕ್ಕೂ ಅವನು ತಡವರಿಸದೆ ಹೇಳಿದ. ಆಗ ಅಧಿಕಾರಿ ಒಂದು ಹಾಳೆ ಎತ್ತಿಕೊಂಡರು. ಇಂಗ್ಲೆಂಡಿನಲ್ಲಿ ಅವನ ಹೆಂಡತಿಯನ್ನೂ ವಿಚಾರಿಸಿದ್ದರಂತೆ. ಊರು ಬಿಡುವಾಗ ಗಂಡ ಏನೆಂದರು ಎಂದು ಕೇಳಿದ್ದಕ್ಕೆ ಅವಳು, ಹೋಗು ಎಂದರು, ಬೇರೆ ಏನೂ ಹೇಳಲಿಲ್ಲ ಎಂದಿದ್ದಳಂತೆ. ಮದುವೆಯಾಗಿ ಐದೇ ತಿಂಗಳಿಗೆ ಅವಳು ಹೊರಟಿದ್ದಾಳೆ. ಇಂಗ್ಲೆಂಡಿಗೆ ಹೋಗುವ ಹುಡುಗಿ ಎಂದು ತಿಳಿದೇ ಮದುವೆಯಾದಿರಾ? ಅವಳ ಬೆನ್ನು ಹಿಡಿದು ಆ ದೇಶ ಸೇರಿಕೊಳ್ಳುವುದಕ್ಕಾ? ಇದು ಅವರ ಪ್ರಶ್ನೆ.

ಪ್ರಶ್ನೆಯ ಎರಡನೆಯ ಭಾಗ ಅವನಿಗೆ ಸರಿಯಾಗಿ ಕೇಳಿಸಲೇ ಇಲ್ಲ. ಬೇರೆ ಏನೂ ಹೇಳಲಿಲ್ಲ ಎಂಬ ಮಾತಷ್ಟೇ ಕಿವಿಯಲ್ಲಿ ನಿಂತಿತು. ಅವಳು ಅದನ್ನು ಎರಡು ವರ್ಷ ಎದೆಯಲ್ಲಿಟ್ಟುಕೊಂಡು ಓಡಾಡಿದ್ದಾಳೆ. ಸಮುದ್ರದಾಚೆ, ಗುರುತಿಲ್ಲದವರು ಕೇಳಿದಾಗ ಮೊದಲು ಬಾಯಿಗೆ ಬಂದದ್ದು ಅದೇ.

ಚಲಪತಿಯವರು ಮತ್ತೆ ಕೇಳಿದರು. ಉತ್ತರ ಬರದಿದ್ದರೆ ಅರ್ಜಿ ಅಲ್ಲಿಗೇ ಮುಗಿಯುತ್ತದೆ ಎನ್ನುವುದು ಅವರ ದನಿಯಲ್ಲೇ ತಿಳಿಯುತ್ತಿತ್ತು.

ಚನ್ನಕೇಶವ ಎರಡೂ ಕೈ ಮೊಣಕಾಲ ಮೇಲೆ ಊರಿಕೊಂಡ. ತನ್ನ ಹರಕುಮುರುಕು ತೆಲುಗಿನಲ್ಲಿ ಹೇಳತೊಡಗಿದ.

"ಹೇಳಲಿಲ್ಲ, ನಿಜ. ಬಾಯಿ ತೆರೆದಿದ್ರೆ ಹೋಗಬೇಡ ಅನ್ನೋದು ಬಿಟ್ಟು ಬೇರೆ ಮಾತು ಬರ್ತಿರಲಿಲ್ಲ ಸಾರ್. ಅದಕ್ಕೇ ಹಲ್ಲು ಕಚ್ಕೊಂಡು ನಿಂತಿದ್ದೆ. ರೈಲು ಕಣ್ಮರೆ ಆದ ಮೇಲೆ ಪ್ಲಾಟ್‌ಫಾರಂ ಮೇಲೆ ಒಬ್ಬನೇ ನಿಂತ್ಕೊಂಡು ಅಂದೆ, ಹೋಗಬೇಡ ಅಮ್ಮಾಜಿ ಅಂತ. ಆ ಮಾತು ಅವಳಿಗೆ ಹೇಳಬೇಕಾಗಿತ್ತು. ನಿಮಗೆ ಹೇಳ್ತಾ ಇದೀನಿ."

 ಚಲಪತಿಯವರು ಒಂದು ಸಲ ಕೆಮ್ಮಿ, ಒಂದೊಂದೇ ವಾಕ್ಯವಾಗಿ, ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದರು. ಅಧಿಕಾರಿ ಬರೆಯುತ್ತಿದ್ದ ಪೆನ್ನು ನಿಲ್ಲಿಸಿದರು. ಆಮೇಲೆ, ಇಂಗ್ಲೆಂಡಿಗೆ ಹೋಗಿ ಏನು ಮಾಡುತ್ತೀರಿ ಎಂದು ಕೇಳಿದರು.

"ಸಿಕ್ಕಿದ ಕೆಲಸ ಮಾಡ್ತೀನಿ. ಅವಳು ಡ್ಯೂಟಿ ಮುಗಿಸಿ ಬರೋ ಹೊತ್ತಿಗೆ ಅನ್ನ ಸಾರು ಮಾಡಿಟ್ಟಿರ್ತೀನಿ."

ಅಡುಗೆ ಬರುತ್ತದೆಯೇ ಎಂದರು.

"ಇಲ್ಲ. ಕಲೀತೀನಿ."

ಅಧಿಕಾರಿಯ ಮೀಸೆ ಒಂದಿಷ್ಟು ಅಲುಗಿತು. ನಕ್ಕರೋ ಏನೋ ಅವನಿಗೆ ಗೊತ್ತಾಗಲಿಲ್ಲ. ಹೋಗಿ ಬನ್ನಿ, ಅಂಚೆಯಲ್ಲಿ ತಿಳಿಸುತ್ತೇವೆ ಎಂದರು. ಹೊರಗೆ ವರಾಂಡದವರೆಗೂ ಜೊತೆಗೆ ಬಂದ ಚಲಪತಿಯವರು ಅವನ ಹೆಗಲ ಮೇಲೆ ಕೈಯಿಟ್ಟು, "ನಾಯನಾ, ಇದನ್ನ ಕಾಗದದಲ್ಲಿ ಬರೀಬೇಡ. ಆ ಹುಡುಗಿ ಎದುರಿಗೆ ಕೂತ್ಕೊಂಡು ಹೇಳು," ಎಂದು ಒಳಗೆ ಹೋದರು.

ರಾಗಿ ತೆನೆ ಕಟ್ಟುವ ಹೊತ್ತಿಗೆ ಪರವಾನಗಿ ಬಂತು. ಚಳಿ ಶುರುವಾಗುವಷ್ಟರಲ್ಲಿ ಅವನು ಬೊಂಬಾಯಿಯಲ್ಲಿ ಹಡಗು ಹತ್ತಿದ್ದ.

ಲಂಡನ್ನಿನ ಬಳಿಯ ಟಿಲ್ಬರಿ ಬಂದರಿನಲ್ಲಿ ಜಿನುಗುಮಳೆ. ಕಬ್ಬಿಣದ ಕಂಬಿಯ ಆಚೆ ನಿಂತಿದ್ದ ಜನರಲ್ಲಿ ಬೂದು ಬಣ್ಣದ ಉದ್ದ ಕೋಟಿನ ಕೆಳಗೆ ಸೀರೆಯ ಅಂಚು ಕಾಣಿಸಿತು. ಅಮ್ಮಾಜಿ ಸೊರಗಿದ್ದಳು. ಕಣ್ಣು ಮಾತ್ರ ಅದೇ. ಇಬ್ಬರೂ ಎದುರುಬದುರು ನಿಂತರು. ಅವಳೇ ಮೊದಲು, "ಸ್ವೆಟರ್ ಇಷ್ಟು ತೆಳ್ಳಗಿರೋದು ಹಾಕ್ಕೊಂಡು ಬಂದಿದೀರಲ್ಲ," ಎಂದಳು. 

ಸ್ಟೇಷನ್ನಿನ ಬೆಂಚಿನ ಮೇಲೆ ಕೂತರು. ಅವಳು ಎರಡು ಟೀ ತಂದಳು. ಮದರಾಸಿನಲ್ಲಿ ಏನು ಕೇಳಿದರೆಂದು ವಿಚಾರಿಸಿದಳು. ಅವನು ಟೀ ಕೆಳಗಿಟ್ಟು, ಆ ದಿನ ಹೇಳಿದ್ದನ್ನೆಲ್ಲ ಮೊದಲಿನಿಂದ ಹೇಳಿದ. ಅವಳಿಗೆ ನಗು ಬರಲೆಂದು ತೆಲುಗಿನಲ್ಲೇ ಹೇಳಿದ. ಅವಳು ನಗಲಿಲ್ಲ. ಅವಳ ಕೈಯಲ್ಲಿದ್ದ ಟೀ ಆರಿಹೋಯಿತು.

"ಆವತ್ತೇ ಅಂದಿದ್ರೆ ನಾನು ಹೋಗ್ತಾನೇ ಇರಲಿಲ್ಲ," ಎಂದಳು.

"ಗೊತ್ತಿತ್ತು. ಅದಕ್ಕೇ ಅನ್ನಲಿಲ್ಲ."

ಅವಳು ಮುಖ ಆಚೆ ತಿರುಗಿಸಿ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡಳು. ಬೇಡದವಳಾಗಿ ಹೊರಟಿದ್ದೇನೆ ಎಂದುಕೊಂಡು ಹಡಗಿನಲ್ಲಿ ಏಡನ್ ದಾಟುವ ತನಕ ಸರಿಯಾಗಿ ಊಟ ಮಾಡಿರಲಿಲ್ಲವೆಂದು ಹೇಳಿದಳು. ಅವನಿಗೂ ಕೇಳಬೇಕಾದದ್ದೊಂದಿತ್ತು. ಕೇಳಿದ.

"ಅನ್ನಿಸಿದರೆ ಬನ್ನಿ ಅಂತ ಯಾಕೆ ಬರೆದೆ?"

ಅವಳು ತಿರುಗಿ ಅವನನ್ನು ನೇರವಾಗಿ ನೋಡಿದಳು. "ಬನ್ನಿ ಅಂತ ಬರೆದು, ನೀವು ಬರದೇ ಇದ್ದಿದ್ರೆ ನಾನೇನ್ರೀ ಮಾಡ್ಬೇಕಾಗಿತ್ತು?"

ಲಂಡನ್ನಿಗೆ ಹೋಗುವ ರೈಲು ಬಂದು ನಿಂತಿತು. ಜನ ಹತ್ತಿದರು, ಬಾಗಿಲುಗಳು ಒಂದೊಂದಾಗಿ ಮುಚ್ಚತೊಡಗಿದವು. ಚನ್ನಕೇಶವ ಪೆಟ್ಟಿಗೆಗೆ ಕೈ ಹಾಕಿದ. ಅಮ್ಮಾಜಿ ಆ ಕೈಯನ್ನು ಹಿಡಿದು ತನ್ನ ಕೋಟಿನ ಜೇಬಿನೊಳಗೆ ಇಟ್ಟುಕೊಂಡಳು.

"ಇರಲಿ ಬಿಡಿ. ಇನ್ನೊಂದು ಬರುತ್ತೆ."