ಹನ್ನೆರಡನೆಯ ಸಹಿ

"ಹೊರಗ ಬರ್ರಿ! ಮೊದಲ ಹೊರಗ ಬರ್ರಿ ನೀವು!"

ನೇತ್ರಾಳ ದನಿಗೆ ಬಾವಿಕಟ್ಟೆಯ ಮೇಲಿದ್ದ ಹನ್ನೊಂದು ಗಂಡಸರೂ ಸಿಳ್ಳೆ ನಿಲ್ಲಿಸಿದರು.

ನೀರಿನಿಂದ ಹನ್ನೆರಡನೆಯವನ ತಲೆ ಎದ್ದಿತ್ತು. ಮುಷ್ಟಿ ತುಂಬ ತಳದ ಕೆಸರು, ಮುಖದ ತುಂಬ ನಗು. ಬೆನ್ನಿಗೆ ಸಿಲಿಂಡರ್ ಇಲ್ಲ, ಕಣ್ಣಿಗೆ ಮಾಸ್ಕ್ ಇಲ್ಲ. ಎರಡು ನಿಮಿಷ ದಮ್ಮು ಹಿಡಿದು ಬಾವಿಯ ತಳ ಮುಟ್ಟಿ ಬಂದಿದ್ದ ಭೂಪ!

"ಹೆಸರೇನ್ ನಿಮ್ದು?"

"ಮಲಕಾರಿ ರೀ."

"ಮಲಕಾರಿಯವರ, ನಿಮಗ ಈಜು ಬರ್ತೈತಿ ಅಂತ ಗೊತ್ತಾತು. ಡೈವಿಂಗ್ ಬರಂಗಿಲ್ಲ ಅಂತನೂ ಗೊತ್ತಾತು. ನಾ ಹೇಳೂಕಿಂತ ಮೊದಲ ನೀರಿಗಿ ಇಳದ್ರ ಮನಿಗಿ ಕಳಸ್ತೇನಿ."

ಅವನ ನಗು ಆರಿತು. ಆದರೆ ಕಣ್ಣು ಅವಳ ಮುಖದಿಂದ ಸರಿಯಲಿಲ್ಲ. ಅವಳ ಸಿಟ್ಟು ಯಾಕೋ ಇನ್ನೂ ಏರಿತು. ಇಂಥ ಕಣ್ಣಿನ ಮೇಲೆ ಸಿಟ್ಟು ಮಾಡಲಿಕ್ಕೂ ಶಕ್ತಿ ಬೇಕಲ್ಲ, ದೇವರೇ!

ಆ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಬನಹಟ್ಟಿಯ ನೇಕಾರರ ಮನೆಯ ಹುಡುಗಿ ಮುರ್ಡೇಶ್ವರಕ್ಕೆ ಹೋಗಿ, ಒಂಬತ್ತು ವರ್ಷ ಪ್ರವಾಸಿಗರಿಗೆ ಸ್ಕೂಬಾ ಡೈವಿಂಗ್ ಕಲಿಸಿದ್ದಳು. ಕಿವಿ ಸದಾ ಗುಂಯ್ ಅನ್ನುತ್ತಿತ್ತು. ಒಂದೇ ಮಾತನ್ನು ಸಾವಿರ ಸಲ ಹೇಳಿ ನಾಲಿಗೆ ಸವೆದಿತ್ತು. ಕೃಷ್ಣೆಗೆ ಮಹಾಪೂರ ಬಂದಾಗ ಮಂದಿಯನ್ನು ಉಳಿಸಲು ಒಂದು ತಂಡ ಕಟ್ಟುತ್ತಿದ್ದೇವೆ, ಹದಿನೈದು ದಿನ ಕಲಿಸಿಕೊಡಿ ಎಂದು ತಾಲೂಕು ಕಚೇರಿಯವರು ಕೇಳಿದಾಗ ಇಲ್ಲ ಅನ್ನಲಾಗದೆ ಬಂದಿದ್ದಳು. ಚಿಮ್ಮಡದ ಬಸಗೊಂಡಪ್ಪ ತಮ್ಮ ಹೊಲದ ದೊಡ್ಡ ಕಲ್ಲುಬಾವಿಯನ್ನು ಬಿಟ್ಟುಕೊಟ್ಟಿದ್ದರು.

"ಕೇಳ್ರಿ ಎಲ್ಲಾರೂ. ಬರೇ ಮೈಲೆ ಮುಳುಗಿದಾಗ ದಮ್ಮು ಹಿಡಿಯೂದು ಶಾಣ್ಯಾತನ. ಸಿಲಿಂಡರ್ ಕಟಗೊಂಡಾಗ ಅದ ಸಾವು. ತಳದಾಗ ಎಳಕೊಂಡ ಗಾಳಿ, ಮ್ಯಾಲ ಬಂದಂಗ ಬಂದಂಗ ಹಿಗ್ಗತೈತಿ. ಹೊರಗ ಬಿಡದಿದ್ರ ಪುಪ್ಪುಸ ಹರೀತಾವ. ಉಸರಾಡೂದು ನಿಲ್ಲಿಸಬ್ಯಾಡ್ರಿ… ಇಷ್ಟ."

ಮಲಕಾರಿ ತಲೆಯಾಡಿಸಿದ. ಮಾತು ತಲೆಗೆ ಹೋಯಿತು, ಎದೆಗೆ ಇಳಿಯಲಿಲ್ಲ. ಬಾವಿಯ ತಳದಲ್ಲಿ ಮೋಟರಿನ ಪೈಪಿಗೆ ಕಸ ಸಿಕ್ಕಿಕೊಂಡರೆ ಮುಳುಗಿ ಬಿಡಿಸುವುದು ಅವನ ಮನೆತನದ ಕಸುಬು. ಅಪ್ಪ ಮುದಕಪ್ಪ ಏಳನೇ ವಯಸ್ಸಿಗೇ ಅವನನ್ನು ಮುಳುಗಿಸಿ, ಕಟ್ಟೆಯ ಮೇಲೆ ನಿಂತು ಅಂಕಿ ಎಣಿಸಿದವನು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುತ್ತಾರಲ್ಲ!

ನೀರೊಳಗೆ ಅವನ ಗುಳ್ಳೆಗಳು ಆಗಾಗ ನಿಂತುಬಿಡುತ್ತಿದ್ದವು. ನಿಂತಾಗೆಲ್ಲ ನೇತ್ರಾಳ ಜೀವ ಬಾಯಿಗೆ ಬರುತ್ತಿತ್ತು.

ಆದರೂ ಕಲಿಸುವುದರಲ್ಲಿ ಸುಖವೇ ಇಲ್ಲವೆಂದಲ್ಲ. ತೇರದಾಳದ ಶೀತಲ್ ಅನ್ನುವ ಹೋಮ್‌ಗಾರ್ಡಿಗೆ ನೀರು ಕಂಡರೆ ನಡುಕ. ಅವನು ಮೂರನೇ ದಿನ ತಳದಲ್ಲಿ ಮೊಣಕಾಲೂರಿ ನಿಧಾನಕ್ಕೆ ಉಸಿರಾಡಿದಾಗ, ಮಾಸ್ಕಿನ ಒಳಗೆ ಅವನ ಕಣ್ಣು ಅರಳಿದ್ದು ನೋಡಿ ಅವಳ ಅರ್ಧ ದಣಿವು ಇಳಿದಿತ್ತು.

ಉಳಿದರ್ಧ ಇಳಿಸಿದವನು ಮಲಕಾರಿ. ಯಾರೂ ಹೇಳದೆಯೇ ಸಿಲಿಂಡರ್‌ಗಳನ್ನು ಹೊತ್ತು ಮೆಟ್ಟಿಲೇರಿಸುತ್ತಿದ್ದ. ಒಂದು ಮಧ್ಯಾಹ್ನ ರೊಟ್ಟಿಯ ಬುತ್ತಿ ಬಿಚ್ಚಿ ಅವಳ ಮುಂದಿಟ್ಟು ಕೇಳಿದ:

"ಮೇಡಮ್ಮರ, ಸಮುದ್ರದ ಒಳಗ ಏನೇನ ನೋಡೀರಿ?"

"ಮಂದಿ ಕಣ್ಣು."

"ಮೀನ ನೋಡಿಲ್ಲೇನ್ರಿ?"

"ಮೀನ ನೋಡಾಕ ಪುರಸೊತ್ತು ಎಲ್ಲೈತಿ? ಹೆದರ್ಯಾರೋ ಏನೋ ಅಂತ ಮಂದಿ ಕಣ್ಣು ನೋಡೂದು, ಉಸರಾಡಾಕತ್ತಾರೋ ಇಲ್ಲೋ ಅಂತ ಗುಳ್ಳಿ ನೋಡೂದು… ಅಷ್ಟರಾಗ ದಿನಾ ಮುಗೀತೈತಿ."

ಅವನು ಇನ್ನೊಂದು ರೊಟ್ಟಿಯನ್ನು ಅವಳತ್ತ ಸರಿಸಿದ.

"ಹಂಗಾರ ನಿಮ್ಮ ಕಣ್ಣು ಯಾರ ನೋಡ್ತಾರ್ರಿ?"

ಒಂಬತ್ತು ವರ್ಷದಲ್ಲಿ ಯಾರೂ ಹೀಗೆ ಕೇಳಿರಲಿಲ್ಲ! ಅವಳು ರೊಟ್ಟಿ ಮುರಿದಳು. ಅರ್ಧವನ್ನು ಅವನ ಮುಂದಿಟ್ಟಳು.

ಹದಿನಾಲ್ಕನೆಯ ದಿನ, ಎಲ್ಲರೂ ಹೋದ ಮೇಲೆ, ಅವನು ಬೈಕಿನ ಕೀಲಿ ತಿರುವುತ್ತಾ ನಿಂತ.

"ನಾಡಿದ್ದ ಮುರ್ಡೇಶ್ವರಕ್ಕ ಹೊಂಟೀರಂತ. ಅದಕ್ಕಿಂತ ಮೊದಲ… ನಿಮ್ಮ ಮನಿಗಿ ಬಂದು ನಿಮ್ಮ ಅವ್ವಾರನ್ನ ಕೇಳ್ಲೇನ್ರಿ?"

ಏನು ಕೇಳುವುದೆಂದು ಇಬ್ಬರಿಗೂ ಗೊತ್ತಿತ್ತು. ಅವಳ ಎದೆ ಹೂಂ ಅಂದಿತು. ಬಾಯಿ ಮಾತ್ರ, "ನಾಳೆ ಪರೀಕ್ಷಾ ಮುಗೀಲಿ" ಅಂದಿತು.

ಪರೀಕ್ಷೆಯಲ್ಲಿ ಮೇಲೇರುವಾಗ ಮಲಕಾರಿಯ ಗುಳ್ಳೆ ನಾಲ್ಕು ಸಲ ನಿಂತಿತು. ನಾಲ್ಕು ಸಲ! ಕೊನೆಗೆ ಅವಳೇ ಅವನ ಸಿಲಿಂಡರಿನ ಪಟ್ಟಿ ಹಿಡಿದು ತಡೆದು, ಎದೆಯ ಕೆಳಗೆ ಒತ್ತಿ ಉಸಿರು ಬಿಡಿಸಬೇಕಾಯಿತು.

ಕಟ್ಟೆಯ ಮೇಲೆ ಕೂತು ಹನ್ನೊಂದು ಹೆಸರಿನ ಮುಂದೆ ಸಹಿ ಹಾಕಿದಳು. ಹನ್ನೆರಡನೆಯದರ ಮುಂದೆ ಪೆನ್ನು ನಿಂತಿತು. ಹಾಕಿಬಿಡಲೇ? ಅವನಿಗೆ ಖುಷಿಯಾಗುತ್ತದೆ… ತಂಡಕ್ಕೆ ಸೇರುತ್ತಾನೆ…

ಆದರೆ ಎರಡು ವರ್ಷದ ಹಿಂದೆ ದಮ್ಮು ಹಿಡಿದು ಮೇಲೆ ಬಂದ ಒಬ್ಬ ವಿದ್ಯಾರ್ಥಿ ದೋಣಿಯಲ್ಲಿ ರಕ್ತ ಕೆಮ್ಮಿದ್ದ. ಅವನು ಬದುಕಿಕೊಂಡ. ನೇತ್ರಾಳ ನಿದ್ದೆ ಮಾತ್ರ ಅವತ್ತೇ ಹೋಗಿತ್ತು. ಈಗ ಆ ವಿದ್ಯಾರ್ಥಿಯ ಜಾಗದಲ್ಲಿ ಮಲಕಾರಿಯ ಮುಖ ಕಂಡಿತು. ಅವಳು ಫೈಲು ಮುಚ್ಚಿದಳು.

"ಹನ್ನೊಂದು ಮಂದಿ ಪಾಸು. ಮಲಕಾರಿಯವರ… ನಿಮ್ದು ಆಗಲಿಲ್ಲ."

ಅವನು ಹತ್ತಿರ ಬಂದ. ದನಿ ಬಹಳ ಸಣ್ಣದಾಗಿತ್ತು.

"ಒಲ್ಲೆ ಅಂದಿದ್ರ ಸಾಕಿತ್ತಲ್ರಿ. ತಿಳಕೋತಿದ್ದೆ. ಎಲ್ಲಾರ ಮುಂದ ಹಿಂಗ ಉತ್ತರಾ ಕೊಡಬೇಕಿತ್ತಾ?"

'ಅಯ್ಯೋ, ಇದು ಅದಕ್ಕೆ ಉತ್ತರ ಅಲ್ಲ!' ಎಂದು ಅವಳು ಹೇಳಬೇಕೆನ್ನುವಷ್ಟರಲ್ಲಿ ಬೈಕು ಕಬ್ಬಿನ ಹೊಲ ದಾಟಿ ಹೋಗಿತ್ತು.

ಮರುದಿನ ಬೆಳಿಗ್ಗೆ ಬನಹಟ್ಟಿಯ ಮನೆಯಲ್ಲಿ, ಮಗ್ಗದ ಸದ್ದಿನ ನಡುವೆ ಬ್ಯಾಗು ಹಿಡಿದು ಕೂತಿದ್ದ ಮಗಳನ್ನು ತಾಯಿ ದಾನಮ್ಮ ನೋಡಿದಳು. ಕೇಳಿ ಕೇಳಿ ಎಲ್ಲ ಹೇಳಿಸಿದಳು.

"ಮಂದಿಗಿ ಬಾಯಿಲೆ ಉಸರಾಡ್ರಿ, ಉಸರಾಡ್ರಿ ಅಂತಿ. ನಿಂದ ನೀ ಬಾಯಿ ಬಿಟ್ಟು ಹೇಳಾಕ ಏನ್ ಧಾಡಿ?"

ನೇತ್ರಾ ಬಸ್‌ಸ್ಟ್ಯಾಂಡಿಗೆ ಹೋಗಲಿಲ್ಲ. ಮಲಕಾರಿಯನ್ನು ಹುಡುಕಿಕೊಂಡು ಚಿಮ್ಮಡದ ಆಟೋ ಹತ್ತಿದಳು.

ಬಸಗೊಂಡಪ್ಪನ ಬಾವಿಯ ಪೈಪು ಕಟ್ಟಿಕೊಂಡಿತ್ತು. ಮಲಕಾರಿ ಮುಳುಗಿ ಎದ್ದವನು ಮೆಟ್ಟಿಲ ಮೇಲೆ ಅವಳನ್ನು ಕಂಡು, ಹೊರಗೆ ಬಂದು ಮುಖ ತಿರುಗಿಸಿ ಕೂತ.

"ನಿಮ್ಮ ಬಸ್ ತಪ್ಪತೈತ್ರಿ."

"ತಪ್ಪಲಿ… ನಾ ನಿಮಗ ಇನ್ನೂ ಉತ್ತರಾನ ಕೊಟ್ಟಿಲ್ಲ. ನಿನ್ನಿ ಕೊಟ್ಟಿದ್ದು ರಿಸಲ್ಟು. ಎರಡೂ ಒಂದ ಮಾಡಬ್ಯಾಡ್ರಿ."

ಅವನು ಟವೆಲು ಎತ್ತಿಕೊಂಡು ತಲೆ ಒರೆಸತೊಡಗಿದ.

"ಸಹಿ ಮಾಡಬೇಕಂತ ಜೀವ ಎಷ್ಟ ಒದ್ದಾಡ್ತು ಗೊತ್ತೇನ್ರಿ? ಮಾಡಿ ಹೋಗಿದ್ರ, ಪೂರ ಬಂದಾಗೊಮ್ಮೆ ನಾ ಅಲ್ಲೆ ಕುಂತು ಫೋನಿಗಿ ಹೆದರಬೇಕಿತ್ತು. ನಿಮ್ಮನ್ನ ಕಳಕೊಳ್ಳಾಕ ನನ್ನ ಕೈಲೆ ನಾನ ಸಹಿ ಮಾಡ್ಲೇನು?"

ಅವಳ ದನಿ ಒಡೆಯಿತು. ಅವನು ತಟ್ಟನೆ ತಿರುಗಿದ. ಅವನ ಕಣ್ಣೂ ಒದ್ದೆಯಾಗಿತ್ತು, ಬಾವಿಯ ನೀರೋ ಏನೋ…

"ನಾ ತಪ್ಪ ತಿಳಕೊಂಡ್ನಿ ರೀ… ಖರೆ ಹೇಳ್ಲೇನು? ನೀವು ದೂರ ಇದ್ರ ನನ್ನ ಉಸರು ಎರಡ ಸರ್ತಿ ನಿಲ್ತೈತಿ. ಹತ್ತರ ಬಂದು ಕಣ್ಣಾಗ ಕಣ್ಣಿಟ್ಟು ನೋಡಿದ್ರ ನಾಕ ಸರ್ತಿ ನಿಲ್ತೈತಿ. ನಾ ಏನ್ ಮಾಡ್ಲಿ?"

ಅಳುತ್ತಲೇ ಅವಳಿಗೆ ನಗು ಬಂತು.

"ಹಂಗಾರ ಕಲಿಸಾಕ ಬ್ಯಾರೆಯವರನ್ನ ನೋಡೂಣ?"

"ಬ್ಯಾಡ್ರಿ! ನೀವ ಕಲಸ್ರಿ. ವರ್ಷ ಹಿಡೀಲಿ ಬೇಕಾರ."

"ಕಲಸ್ತೇನಿ. ಆದ್ರ ಈಗ ಹೇಳಿರ್ತೇನಿ. ಲಗ್ನ ಆದ ಮ್ಯಾಲೂ, ನಿಮಗ ಸರಿಯಾಗಿ ಬರೋತನಕ ನಾ ಸಹಿ ಮಾಡಂಗಿಲ್ಲ."

"ಏನಂದ್ರಿ?"

"ಸಹಿ ಮಾಡಂಗಿಲ್ಲ ಅಂದೆ."

"ಅಲ್ರೀ… ಅದರ ಮೊದಲ ಏನಂದ್ರಿ?"

"ಕೇಳಿಸೇತಿ ನಿಮಗ. ಇನ್ನೊಮ್ಮೆ ಹೇಳಾಕ ನನ್ನ ಕೈಲೆ ಆಗೂದಿಲ್ಲ. ಭಾಳ ದಣದೇನಿ, ಮಲಕಾರಿ…"

ಅವಳು ಅವನನ್ನು ಬರೀ ಹೆಸರಿನಿಂದ ಕರೆದದ್ದು ಅದೇ ಮೊದಲು. ಅವನು ಟವೆಲಿನಿಂದ ಮೆಟ್ಟಿಲ ಮೇಲಿನ ನೀರು ಒರೆಸಿ, ಪಕ್ಕಕ್ಕೆ ಸರಿದು ಜಾಗ ಮಾಡಿದ.

"ಕುಂದರು, ನೇತ್ರಾ. ಎಷ್ಟ ಹೊತ್ತಾದ್ರೂ ಕುಂದರು. ಇವತ್ತ ಯಾರಿಗೂ ಏನೂ ಕಲಸೂದು ಬ್ಯಾಡ."